ಪುಳಿಯಂತೋಪಿನ ಗೋಡೆ ಕಣ್ಣು ತೆರೆದ ಬೇಸಿಗೆ

ಮೊನ್ನೆ ಮೈಸೂರಿನ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಯುವವರು ಬಂದಿದ್ದರು. ಡಬ್ಬದ ಮುಚ್ಚಳ ತೆಗೆದದ್ದೇ ಟರ್ಪೆಂಟೈನಿನ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆಗೆ ಇಟ್ಟ ಎಣ್ಣೆಯನ್ನು ಒಲೆಯ ಮೇಲೆಯೇ ಬಿಟ್ಟು ಹೊರಗೆ ಓಡಿದೆ. ಅವರು ಕಮಾನಿನ ಮೇಲ್ಭಾಗಕ್ಕೆಂದು ಏಣಿ ಹತ್ತಿ ನಿಂತಿದ್ದರು. ನಾನು ಹೋಗಿ ಎರಡೂ ಕೈಯಿಂದ ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

“ಬಿಡಿ ಮೇಡಂ, ಇಲ್ಲಿಂದ ಬಿದ್ರೆ ನಿಮ್ಮ ತುಳಸಿ ಗಿಡಕ್ಕೆ ಪೆಟ್ಟಾಗುತ್ತೆ ಅಷ್ಟೇ, ನನಗೇನೂ ಆಗಲ್ಲ,” ಎಂದರು ಅವರು.

ನಗಬೇಕೆಂದುಕೊಂಡೆ, ಆಗಲಿಲ್ಲ. ಅಂಗೈ ಉರಿಯುತ್ತಿತ್ತು. ಅಲ್ಲಿ ಈಗ ಗಾಯವಿಲ್ಲ, ಕಲೆಯೂ ಇಲ್ಲ. ಆದರೆ ಆ ವಾಸನೆ ಬಂದರೆ ಸಾಕು, ನಾನು ಮತ್ತೆ ಮದರಾಸಿನ ಪುಳಿಯಂತೋಪಿನಲ್ಲಿ, ನೀರಿನ ಲಾರಿಯ ಪಕ್ಕದಲ್ಲಿ, ತೆಂಗಿನ ನಾರಿನ ಹಗ್ಗ ಹಿಡಿದು ನಿಂತಿರುತ್ತೇನೆ. ಮೇಲೆ ಒಬ್ಬ ಮನುಷ್ಯ ನೇತಾಡುತ್ತಿರುತ್ತಾನೆ.

ಅದು ಎರಡು ಸಾವಿರದ ನಾಲ್ಕರ ಬೇಸಿಗೆ. ಬ್ಯಾಂಕಿನ ಕೆಲಸ ನನಗೆ ಹೊಸತು. ಮದರಾಸಿಗೆ ಹಾಕಿದ್ದಾರೆಂದು ತಿಳಿದಾಗ ಟಿ. ನಗರದ ಸೀರೆ ಅಂಗಡಿಗಳ ಕನಸು ಕಂಡಿದ್ದೆ. ಶಾಖೆ ಇದ್ದದ್ದು ಊರಿನ ಉತ್ತರಕ್ಕೆ. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಕಪ್ಪು ನೀರಿನ ಕಾಲುವೆ, ನಡುವೆ ಗುಜರಿ ಅಂಗಡಿ, ಮೀನಿನ ಬುಟ್ಟಿ, ಹೌಸಿಂಗ್ ಬೋರ್ಡಿನ ಮಾಸಿದ ಕಟ್ಟಡಗಳ ಸಾಲು. ನಾನು ಬಾಡಿಗೆಗೆ ಹಿಡಿದದ್ದು ಪದ್ಮಕ್ಕನ ಮನೆಯ ಮಹಡಿಯ ಕೋಣೆ. ಕೋಲಾರದ ಕಡೆಯ ಪದ್ಮಕ್ಕ ಗಂಡನ ರೈಲ್ವೆ ಕೆಲಸದಿಂದಾಗಿ ಅಲ್ಲಿಗೆ ಬಂದವರು, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದವರು. ಅವರ ಕನ್ನಡದೊಳಗೆ ತಮಿಳು ಹೇಗೆ ಬರುತ್ತಿತ್ತೆಂದರೆ, ಮೊದಲ ವಾರ ಅವರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆಂದು ಕೇಳಬೇಕೆನಿಸುತ್ತಿತ್ತು.

“ಆ ಹೌಸಿಂಗ್ ಬೋರ್ಡ್ ಕಡೆ ತನಿಯಾಗಿ ಹೋಗ್ಬೇಡಮ್ಮ. ಒಬ್ಬಳೇ ಹೋಗೋ ಜಾಗ ಅಲ್ಲ ಅದು. ಅಲ್ಲಿ ಕತ್ತಿ ಇಲ್ದೆ ತರಕಾರಿ ಕೂಡ ಹೆಚ್ಚಲ್ಲ,” ಎಂದಿದ್ದರು.

“ಕತ್ತಿ ಇಲ್ದೆ ತರಕಾರಿ ಎಲ್ಲಿ ತಾನೇ ಹೆಚ್ತಾರೆ ಪದ್ಮಕ್ಕ?”

“ಪಾರು, ವಾಯಿ ನೋಡು, ಎಂಥ ಬಾಯಿ ಇವಳದು!”

ಆದರೆ ಆ ವರ್ಷ ನಗರಕ್ಕೆ ನೀರು ಕೊಡುವ ಕೆರೆಗಳೆಲ್ಲ ಬತ್ತಿದ್ದವು. ಪದ್ಮಕ್ಕನ ಮನೆಯ ನಲ್ಲಿ ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ನೀರಿನ ಲಾರಿ ನಿಲ್ಲುತ್ತಿದ್ದದ್ದು ಹೌಸಿಂಗ್ ಬೋರ್ಡಿನ ಮುಂದೆ. ಒಬ್ಬಳೇ ಹೋಗಬಾರದೆಂದವರೇ ಒಂದು ಬೆಳಿಗ್ಗೆ ಹಸಿರು ಪ್ಲಾಸ್ಟಿಕ್ ಕೊಡ ನನ್ನ ಕೈಗೆ ಕೊಟ್ಟು, “ತಣ್ಣಿ ಲಾರಿ ಬರೋ ಹೊತ್ತಾಯ್ತು, ಓಡು!” ಎಂದರು.

ಅಲ್ಲಿಯ ಸಾಲಿಗೆ ಒಂದು ಕಟ್ಟಳೆ ಇತ್ತು. ಜನ ನಿಲ್ಲುತ್ತಿರಲಿಲ್ಲ, ಕೊಡ ನಿಲ್ಲುತ್ತಿತ್ತು. ಬೆಳಗಾಗುತ್ತಲೇ ಕೊಡ ಇಟ್ಟು ಹೋದರೆ ಅದು ನಿಮ್ಮ ಜಾಗ. ಲಾರಿ ಬಂದಾಗ ಮಾತ್ರ ನೀವು ನಿಮ್ಮ ಕೊಡದ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ನಿಮ್ಮ ಕೊಡ ಹಿಂದಕ್ಕೆ. ಸಾಲಿನ ಮೊದಲಲ್ಲಿ ಯಾವಾಗಲೂ ಒಂದು ನೀಲಿ ಕೊಡ. ಅದು ಕಸ್ತೂರಿಯದು, ಬೀದಿಯ ತುದಿಯಲ್ಲಿ ಇಡ್ಲಿ ಮಾರುವವಳು. ಸೊಸೆಗೆ ಹೆರಿಗೆ ನೋವು ಬಂದ ದಿನವೂ ಅವಳು ಕೊಡದ ಪಕ್ಕದಿಂದ ಕದಲದೆ, ಕೂಗಿಯೇ ಆಟೋ ಕರೆಸಿದ್ದಳಂತೆ. ನಾನು ಮೊದಲ ದಿನ ಅರಿಯದೆ ನನ್ನ ಕೊಡವನ್ನು ಅವಳದರ ಮುಂದೆ ಇಟ್ಟೆ. ಅವಳು ನನ್ನ ಕೊಡವನ್ನು ಎತ್ತಿ, ಸಾಲಿನ ಉದ್ದಕ್ಕೂ ನಡೆದು, ಕೊನೆಯಲ್ಲಿ ಇಟ್ಟು ಬಂದಳು.

“ಬ್ಯಾಂಕಮ್ಮ,” ಎಂದಳು ಆಮೇಲೆ. “ನಿಮ್ಮ ಬ್ಯಾಂಕಲ್ಲಿ ನಾನು ಹೀಗೆ ಮುಂದೆ ನುಗ್ಗಿದ್ರೆ ಬಿಡ್ತೀಯಾ?”

ಅವರೆಲ್ಲ ಆಡಿದ್ದು ತಮಿಳು. ನನಗೆ ಅದು ಅರ್ಥವಾದ ಹಾಗೆ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಲಾರಿಗೆ ಕಾಯುತ್ತಾ ಸುಮ್ಮನೆ ನಿಲ್ಲುವುದು ಬೇಸರವಾಗಿ ಸುತ್ತಮುತ್ತ ನೋಡತೊಡಗಿದೆ. ಮೊದಲು ಕಂಡದ್ದು ಇಸ್ತ್ರಿ ಬಂಡಿಯ ಪಕ್ಕದ ಹಲಗೆ. ಅದರ ಮೇಲೆ ಅಂಗಿ ಮಡಚುತ್ತಿರುವ ಒಬ್ಬ ಮುದುಕ. ಇಸ್ತ್ರಿಯವನದೇ ಮುಖ, ಆದರೆ ಕೆನ್ನೆ ಗುಲಾಬಿ, ಗದ್ದದ ಕೆಳಗಿನ ನೆರಳು ಕಪ್ಪಲ್ಲ, ಕಡು ನೀಲಿ. ಎರಡು ದಿನ ಬಿಟ್ಟು ಕ್ಷೌರದಂಗಡಿಯ ಇಳಿಸಿದ ಶಟರಿನ ಮೇಲೆ ಅರ್ಧ ಗಡ್ಡ ಬೋಳಿಸಿದ ಗಿರಾಕಿಯೊಬ್ಬ, ಅವನ ನೆರಳೂ ನೀಲಿ. ಮೀನಿನ ಪೆಟ್ಟಿಗೆಯ ಮೇಲೆ, ಸೈಕಲ್ ಅಂಗಡಿಯ ತಗಡಿನ ಮೇಲೆ, ಎಲ್ಲ ಕಡೆ ಅದೇ ಗುಲಾಬಿ, ಅದೇ ನೀಲಿ. ಭಾನುವಾರ ಅಂಗಡಿಗಳು ಮುಚ್ಚಿ ಶಟರುಗಳು ಇಳಿದಾಗ ಆ ಬೀದಿ ನನ್ನ ಪಾಲಿಗೆ ತೆರೆದುಕೊಳ್ಳುತ್ತಿತ್ತು. ಬಿಡುವಿನ ದಿನ ಗೆಳತಿಯರು ಸಮುದ್ರಕ್ಕೆ ಕರೆದರೂ ಹೋಗದೆ, ಬಿಸಿಲಲ್ಲಿ ಗಲ್ಲಿ ಗಲ್ಲಿ ಸುತ್ತಿ ಆ ನೀಲಿ ನೆರಳುಗಳನ್ನು ಹುಡುಕುತ್ತಿದ್ದೆ.

ಆ ಚಿತ್ರಗಳನ್ನು ಬರೆಯುವ ಕೈ ಯಾರದೆಂದು ಕಸ್ತೂರಿಯನ್ನೇ ಕೇಳಿದೆ. ಅವಳು ಗದ್ದ ಎತ್ತಿ ಮೇಲೆ ತೋರಿಸಿದಳು.

ಹೌಸಿಂಗ್ ಬೋರ್ಡ್ ಕಟ್ಟಡದ ಕೊನೆಯ ಗೋಡೆ. ಒಂದು ಕಿಟಕಿಯೂ ಇಲ್ಲದೆ ನೆಲದಿಂದ ತಾರಸಿಯವರೆಗೆ ನಿಂತ ಮೂರಂತಸ್ತಿನ ಗೋಡೆ. ಸರ್ವೆ ಗಳುಗಳನ್ನು ನಾರಿನ ಹಗ್ಗದಿಂದ ಬಿಗಿದ ಅಟ್ಟಣಿಗೆ, ಅದರ ಮೇಲೆ ಬಣ್ಣದ ಡಬ್ಬಗಳ ನಡುವೆ ಲುಂಗಿ ಎತ್ತಿ ಕಟ್ಟಿದ ಒಬ್ಬ ತೆಳ್ಳಗಿನ ಮನುಷ್ಯ. ಹೆಸರು ಏಳುಮಲೈ. ವಡಪಳನಿಯ ಸ್ಟುಡಿಯೋಗಳ ಹತ್ತಿರ ಸಿನಿಮಾ ಬ್ಯಾನರ್ ಬರೆಯುವ ಅಂಗಡಿಯಲ್ಲಿ ಬೆಳೆದವನು. ಕಂಪ್ಯೂಟರಿನಿಂದ ಅಚ್ಚಾಗಿ ಬರುವ ಫ್ಲೆಕ್ಸ್ ಬಂದ ಮೇಲೆ ಆ ಅಂಗಡಿ ಮುಚ್ಚಿತು. ಉಳಿದ ಬಣ್ಣವನ್ನು ಹೊತ್ತುಕೊಂಡು ಹೋಗು ಎಂದು ಮಾಲೀಕರು ಹೇಳಿದ್ದರು. ಕಟ್ಟಡದವರನ್ನು ಕೇಳಿ ಈ ಗೋಡೆಗೆ ಕೈ ಹಾಕಿದ್ದ.

“ಬ್ಯಾನರ್ ಆದ್ರೆ ಸಿನಿಮಾ ಹೋದ ದಿನ ಇಳಿಸಿಬಿಡ್ತಾರೆ ಮೇಡಂ. ಗೋಡೇನ ಯಾರು ಇಳಿಸ್ತಾರೆ?” ಎಂದ, ನನ್ನ ಜೊತೆ ಮಾತಾಡಿದ ಮೊದಲ ದಿನ.

ಗೋಡೆಯ ಮೇಲೆ ಬರೆಯುತ್ತಿದ್ದದ್ದು ನಾಯಕನನ್ನೂ ಅಲ್ಲ, ನಾಯಕಿಯನ್ನೂ ಅಲ್ಲ. ನೀರಿನ ಸಾಲನ್ನು. ಕೊಡ ಸೊಂಟಕ್ಕಿಟ್ಟ ಹೆಂಗಸರು, ಒಬ್ಬೊಬ್ಬರೂ ಎರಡಾಳೆತ್ತರ, ಥಿಯೇಟರಿನ ಮುಂದಿನ ತಾರೆಯರ ಹಾಗೆ ಗುಲಾಬಿ ಕೆನ್ನೆ, ನೀಲಿ ನೆರಳು. ಆದರೆ ಯಾರಿಗೂ ಕಣ್ಣಿರಲಿಲ್ಲ. ಇದ್ದಲಿನ ಸಣ್ಣ ಗೆರೆ ಬಿಟ್ಟರೆ ಕಣ್ಣಿನ ಜಾಗದಲ್ಲಿ ಬರೀ ಗೋಡೆ. ಬ್ಯಾನರ್ ಅಂಗಡಿಯ ಪದ್ಧತಿ ಅದು. ಎಲ್ಲ ಮುಗಿದ ಮೇಲೆ ಕರ್ಪೂರ ಹಚ್ಚಿ, ಎಲ್ಲರ ಕಣ್ಣನ್ನೂ ಒಂದೇ ದಿನ ತೆರೆಯಬೇಕು. ತೆರೆಯುವವನು ಅಂಗಡಿಯ ಗುರು ಒಬ್ಬನೇ.

ಕಣ್ಣಿಲ್ಲದಿದ್ದರೂ ಹೆಂಗಸರು ತಮ್ಮ ತಮ್ಮ ಕೊಡದ ಬಣ್ಣ ನೋಡಿ ತಮ್ಮನ್ನು ಗುರುತಿಸಿಕೊಂಡಿದ್ದರು. ಕಸ್ತೂರಿಗೆ ಮಾತ್ರ ಸಿಟ್ಟು. ಅವಳ ನೀಲಿ ಕೊಡ ಎರಡನೆಯದಾಗಿತ್ತು.

“ಏಯ್ ಏಳುಮಲೈ! ಮುಂದೆ ನಿಲ್ಲೋದು ನಾನು. ನನ್ನ ಮುಂದೆ ನಿಂತಿರೋ ಇವಳು ಯಾರು?”

“ಅವಳು ಸುಮ್ನೆ, ಸಿನಿಮಾದವಳು ಅಕ್ಕಾ. ಅವಳಿಗೆ ಕ್ಯೂ ಇಲ್ಲ.”

“ಸಿನಿಮಾದವಳಾದ್ರೆ ನೀರು ಬೇಡ್ವಾ? ಹಿಂದಕ್ಕೆ ಕಳಿಸು!”

ಎದುರು ಬದಿಯ ಟೀ ಅಂಗಡಿಯ ಮುಂದೆ ಏಳುಮಲೈಯ ಹೆಂಡತಿ ಅಂಜಲೈ ನಿಂತಿರುತ್ತಿದ್ದಳು. ಎಡ ಹುಬ್ಬನ್ನು ಸೀಳಿಕೊಂಡು ಹೋದ ಹಳೆಯ ಗಾಯದ ಕಲೆ, ಕೈಯಲ್ಲಿ ಕೆಂಪು ಟವೆಲು. ಅವಳು ಅಲ್ಲಿ ಬಿಸಿಲಲ್ಲಿ ಯಾಕೆ ನಿಲ್ಲುತ್ತಾಳೆಂದು ನನಗೆ ಮೊದಲು ಅರ್ಥವಾಗಿರಲಿಲ್ಲ. ಗೋಡೆಗೆ ಮೂಗು ತಾಗಿಸಿ ಬರೆಯುವವನಿಗೆ ಚಿತ್ರ ಕಾಣುವುದಿಲ್ಲ. ಅವನ ಮುಂದೆ ಇರುವುದು ಕೆನ್ನೆಯೋ ಕೊಡವೋ ಗೊತ್ತಾಗದ ಬಣ್ಣದ ಬಯಲು. ದೂರದಿಂದ ನೋಡಿ ಸನ್ನೆ ಮಾಡುವವರು ಬೇಕು. ಅಂಜಲೈ ಟವೆಲನ್ನು ಎಡಕ್ಕೆ ಬೀಸಿದರೆ ಅವನು ಎಡಕ್ಕೆ ಸರಿಯುತ್ತಿದ್ದ, ಬಲಕ್ಕೆ ಬೀಸಿದರೆ ಬಲಕ್ಕೆ. ಹೆಗಲ ಮೇಲೆ ಹಾಕಿಕೊಂಡರೆ ಸರಿಯಾಯಿತು ಎಂದರ್ಥ. ನಡುವೆ ಬಸ್ಸು, ಆಟೋ, ಎಮ್ಮೆ, ಜಗಳ ಏನೇ ಹೋಗಲಿ, ಅವರಿಬ್ಬರ ನಡುವಿನ ಮಾತು ಟವೆಲಿನಲ್ಲೇ ನಡೆಯುತ್ತಿತ್ತು. ಹೀಗಾಗಿ ಲಾರಿ ಬಂದಾಗ ಅಂಜಲೈ ತನ್ನ ಕೊಡದ ಪಕ್ಕದಲ್ಲಿ ಇರುತ್ತಿರಲಿಲ್ಲ. ಅವಳ ಸೊಟ್ಟಗಾದ ಹಳದಿ ಕೊಡ ದಿನವೂ ಸಾಲಿನ ಕೊನೆಗೆ ಹೋಗುತ್ತಿತ್ತು. ಎಷ್ಟೋ ದಿನ ಅವಳ ಸರದಿ ಬರುವಷ್ಟರಲ್ಲಿ ಟ್ಯಾಂಕು ಬರಿದಾಗಿರುತ್ತಿತ್ತು.

ಕತ್ತರಿ ಬಿಸಿಲು ಎಂದು ಅವರು ಕರೆಯುವ ಮೇ ತಿಂಗಳ ಉರಿ. ಒಂದು ರಜೆಯ ದಿನ ಬೆಳಿಗ್ಗೆ ನಾನು ಸಾಲಿನ ನಡುವೆ ನಿಂತಿದ್ದೆ. ಮೇಲೆ ಏಳುಮಲೈ ಸಾಲಿನ ಮೊದಲ ಹೆಂಗಸಿನ ಹಣೆಗೆ ಬಣ್ಣ ಹಾಕುತ್ತಿದ್ದ. ಲಾರಿ ಬಂತು. ಬೀದಿ ಇಕ್ಕಟ್ಟಾದ್ದರಿಂದ ಅದು ಯಾವಾಗಲೂ ಹಿಂದೆ ಹಿಂದೆ ಬರುತ್ತಿತ್ತು. ಅದರ ಹಿಂಬದಿಯ ಕಬ್ಬಿಣ ಅಟ್ಟಣಿಗೆಯ ಎಡಮೂಲೆಯ ಗಳುವಿಗೆ ಸಿಕ್ಕಿಕೊಂಡದ್ದನ್ನು ಕೆಳಗಿದ್ದ ನಾವು ಯಾರೂ ನೋಡಲಿಲ್ಲ. ಎದುರು ಬದಿಯಿಂದ ಅಂಜಲೈ ನೋಡಿದಳು.

ಅವಳು ಕೂಗಿದಳು. ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಲಾರಿಯ ಕಡೆ ತೋರಿಸುತ್ತಾ ಟವೆಲನ್ನು ಎಡಕ್ಕೆ ಬೀಸಿದಳು, ಮತ್ತೆ ಬೀಸಿದಳು. ಏಳುಮಲೈ ತಿರುಗಿ ನೋಡಿದ. ಅವನಿಗೆ ಕಂಡದ್ದು ಇಷ್ಟು ವರ್ಷ ನೋಡಿದ ಸನ್ನೆಯೇ. ಕುಂಚ ಹಿಡಿದುಕೊಂಡು, ಸಮಾಧಾನವಾಗಿ, ಎಡಕ್ಕೆ ಸರಿದ.

ನಾನು ಇಂದಿಗೂ ಆ ಒಂದು ಹೆಜ್ಜೆಯನ್ನು ನೋಡುತ್ತೇನೆ. ಬಟ್ಟೆ ಒಣಹಾಕುವಾಗ, ಬಸ್ಸಿನ ಕಿಟಕಿಯಲ್ಲಿ, ಯಾರೋ ಏಣಿ ಹತ್ತಿದಾಗ. ಅವನ ಬರಿಗಾಲು ಹಲಗೆಯ ಮೇಲೆ ಎಡಕ್ಕೆ ಜಾರುವುದು, ಗಳು ಬುಡದಿಂದ ಕಿತ್ತು ಬರುವುದು, ಡಬ್ಬಗಳು ಒಂದಾದ ಮೇಲೊಂದು ಉರುಳಿ ಬೀದಿಯೆಲ್ಲ ಗುಲಾಬಿಯಾಗುವುದು. ಅಟ್ಟಣಿಗೆ ನಿಧಾನವಾಗಿ, ಬಹಳ ನಿಧಾನವಾಗಿ, ವಾಲತೊಡಗಿತು. ಏಳುಮಲೈ ಒಂದು ಅಡ್ಡಗಳುವಿಗೆ ಒಂದೇ ಕೈಯಲ್ಲಿ ಜೋತುಬಿದ್ದ.

ಮೊದಲು ಓಡಿದವಳು ಕಸ್ತೂರಿ. ಕೊಡದ ಪಕ್ಕದಿಂದ ಎಂದೂ ಕದಲದವಳು ನೀಲಿ ಕೊಡವನ್ನು ಕಾಲಿನಿಂದಲೇ ಒದ್ದು ದಾರಿ ಮಾಡಿಕೊಂಡು ಹೋಗಿ ಗಳುವಿಗೆ ಹೆಗಲು ಕೊಟ್ಟಳು. “ಹಿಡೀರೇ! ನೀರು ಆಮೇಲೆ! ಹಿಡೀರೇ!” ಸಾಲಿಗೆ ಸಾಲೇ ಮುರಿದು ಬಿತ್ತು. ತಾರಸಿಯ ಕಟ್ಟೆಯನ್ನು ಬಳಸಿ ಕೆಳಗಿಳಿದು ಅಟ್ಟಣಿಗೆಯನ್ನು ಬಿಗಿದಿದ್ದ ಹಗ್ಗವೊಂದು ಬಿಚ್ಚಿಕೊಂಡು ನನ್ನ ಮುಂದೆಯೇ ಹಾವಿನ ಹಾಗೆ ಮೇಲಕ್ಕೆ ಓಡುತ್ತಿತ್ತು. ನಾನು ಅದನ್ನು ಹಿಡಿದೆ. ಅದು ನಿಲ್ಲಲಿಲ್ಲ, ನನ್ನ ಅಂಗೈಯನ್ನು ಸುಟ್ಟುಕೊಂಡು ಹೋಯಿತು. ಹಿಂದಿನಿಂದ ಯಾರೋ ಹಿಡಿದರು, ಅವರ ಹಿಂದೆ ಇನ್ಯಾರೋ. ಹಗ್ಗ ನಿಂತಿತು. ಅಟ್ಟಣಿಗೆ ಲಾರಿಯ ಮೇಲಕ್ಕೆ ಬಾಗಿ ಹಾಗೇ ನಿಂತಿತು.

“ಬಿಡು! ಕೆಳಗೆ ಟ್ಯಾಂಕಿದೆ, ಕೈ ಬಿಡು!” ಎಂದು ಎಲ್ಲರೂ ಕೂಗುತ್ತಿದ್ದರು. ಅವನು ಬಿಡಲಿಲ್ಲ. ಎದುರು ಬದಿಗೆ ನೋಡುತ್ತಿದ್ದ. ಅಂಜಲೈ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ನೇರ ಕೆಳಕ್ಕೆ ಇಳಿಸಿದಳು. ಆಗ ಬಿಟ್ಟ. ಲಾರಿಯ ಟ್ಯಾಂಕಿನ ಮೇಲೆ ಬಿದ್ದ ಸದ್ದು ದೇವಸ್ಥಾನದ ನಗಾರಿಯ ಹಾಗಿತ್ತು. ಬದುಕಿದ್ದ. ಬಲಗೈ ಮಾತ್ರ ಇರಬಾರದ ಕಡೆಗೆ ತಿರುಗಿತ್ತು.

ಕೀಲ್ಪಾಕಿನ ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿ ಪ್ಲಾಸ್ಟರ್ ಕಟ್ಟು ಹಾಕಿದರು. ಗೋಡೆ ಹಾಗೇ ಉಳಿಯಿತು, ಕಣ್ಣಿಲ್ಲದೆ.

ಅಲ್ಲಿಯವರೆಗೆ ಅದನ್ನು ನೋಡಿ ನಗುತ್ತಿದ್ದ ಬೀದಿಗೆ ಈಗ ಭಯ ಹತ್ತಿತು. ಮಗುವಿಗೆ ಜ್ವರ ಬಂದರೆ ಗೋಡೆ ಕಾರಣ, ಹಾಲು ಒಡೆದರೆ ಗೋಡೆ ಕಾರಣ. ಪದ್ಮಕ್ಕ ನನ್ನ ಅಂಗೈಗೆ ಬೆಣ್ಣೆ ಸವರುತ್ತಾ, “ಕಣ್ಣಿಲ್ಲದ ಮುಖ ಬೀದೀಲಿ ನಿಲ್ಲಿಸಿದ್ರೆ ಬೇರೆಯವರ ಕಣ್ಣು ಬೀಳ್ದೆ ಇರುತ್ತಾ? ಅವನಿಗೇನು ಪೈತ್ಯ ಹಿಡಿದಿತ್ತಾ?” ಎಂದರು. ಕೊನೆಗೆ ಕಸ್ತೂರಿಯೇ ಏಳುಮಲೈಯ ಮನೆಬಾಗಿಲಿಗೆ ಹೋದಳು. ನಾನು ಅಲ್ಲೇ ಇದ್ದೆ, ಅವನಿಗೆ ಕಿತ್ತಳೆ ಹಣ್ಣು ಕೊಡಲು ಹೋಗಿದ್ದೆ.

“ನೋಡಪ್ಪಾ, ನಿನ್ನ ಪ್ರಾಣಕ್ಕೆ ಹೆಗಲು ಕೊಟ್ಟವಳೇ ಹೇಳ್ತಿದ್ದೀನಿ. ಬರೋ ಶುಕ್ರವಾರದ ಒಳಗೆ ಕಣ್ಣು ತೆರಿ. ಇಲ್ಲಾಂದ್ರೆ ನಾನೇ ಸುಣ್ಣ ಬಳೀತೀನಿ. ದಿನಾ ಬೆಳಿಗ್ಗೆ ಇಡ್ಲಿ ಇಡುವಾಗ ನನ್ನ ಮುಖವೇ ನನ್ನ ನೋಡದೆ ನಿಂತಿರುತ್ತೆ. ನನ್ನ ಕೈಲಿ ಆಗಲ್ಲ.”

ಏಳುಮಲೈ ಕಟ್ಟು ಹಾಕಿದ ಕೈ ಎತ್ತಿಕೊಂಡೇ ಬಸ್ಸು ಹತ್ತಿ ಗುರುವನ್ನು ಕರೆತರಲು ವಡಪಳನಿಗೆ ಹೋದ. ಸಂಜೆ ಬಂದವನ ಮುಖ ನೋಡಿಯೇ ಗೊತ್ತಾಯಿತು. ಗುರು ಹಾಸಿಗೆ ಹಿಡಿದಿದ್ದರು. ಜೊತೆಗಾರರಲ್ಲಿ ಒಬ್ಬ ಆಟೋ ಓಡಿಸುತ್ತಿದ್ದ, ಇನ್ನೊಬ್ಬ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ. ವಾಲಿಬಿದ್ದ ಅಟ್ಟಣಿಗೆಯ ಕಥೆ ಕೇಳಿದ ಮೇಲೆ ಯಾರೂ ಬರಲು ಒಪ್ಪಿರಲಿಲ್ಲ.

“ನಾನು ಹತ್ತುತ್ತೀನಿ,” ಎಂದಳು ಅಂಜಲೈ.

“ನೀನಾ? ಕುಂಚ ಹಿಡಿದಿದ್ದೀಯಾ ಎಂದಾದ್ರೂ? ಕಣ್ಣು ಅಂದ್ರೆ ಗೋಡೆಗೆ ಬಣ್ಣ ಬಳಿದ ಹಾಗಲ್ಲ. ಗುರು ನನಗೇ ಎಷ್ಟೋ ವರ್ಷ ಬರೀ ಸೀರೆ ಅಂಚು ಕೊಟ್ಟು ಕೂರಿಸಿದ್ರು.”

“ಇಷ್ಟು ವರ್ಷ ನಿನ್ನ ಕೈನ ದೂರದಿಂದ ನಡೆಸಿದ್ದು ಯಾರು? ಎಡಕ್ಕೆ ಬಾ ಅಂದದ್ದು ನಾನು. ನೀನು ಬಂದೆ.” ಅವನ ಕಟ್ಟು ಹಾಕಿದ ಕೈಯನ್ನು ನೋಡಿ ಮೆಲ್ಲಗೆ ಹೇಳಿದಳು, “ಈಗ ನೀನು ಹೇಳು, ನಾನು ಬರ್ತೀನಿ.”

ಏಳುಮಲೈ ಕೆಂಪು ಟವೆಲನ್ನು ಎಡಗೈಯಲ್ಲಿ ಗೂಟದಿಂದ ತೆಗೆದುಕೊಂಡ.

ಗುರುವಾರ ಬೆಳಿಗ್ಗೆ ನಾನು ಬ್ಯಾಂಕಿಗೆ ರಜೆ ಹಾಕಿದೆ. ಬೀದಿಯ ಗಂಡಸರು ಹಿಂದಿನ ದಿನವೇ ಅಟ್ಟಣಿಗೆ ಮತ್ತೆ ಕಟ್ಟಿದ್ದರು, ಈ ಸಲ ಗಳುಗಳ ಬುಡವನ್ನು ನೆಲದಲ್ಲಿ ಹೂತು. ಲಾರಿ ಬಂದಾಗ ಕಸ್ತೂರಿ ಬೀದಿಯ ಬಾಯಲ್ಲೇ ಎರಡೂ ಕೈ ಚಾಚಿ ನಿಂತಳು. “ಇಲ್ಲೇ ನಿಲ್ಸು. ಒಂದು ಚಕ್ರ ಒಳಗೆ ಬಂದ್ರೆ ನಿನ್ನ ಇಡ್ಲಿ ಇವತ್ತಿಂದ ಬಂದ್.” ಡ್ರೈವರ್ ಎಂಜಿನ್ ಆರಿಸಿ ಇಳಿದು, ತಾನೂ ನೋಡಲು ಬಂದ. ಅಷ್ಟು ದೂರದಿಂದ ನೀರು ಹೊರಬೇಕಲ್ಲ ಎಂದು ಯಾರೂ ಗೊಣಗಲಿಲ್ಲ. ಕೊಡಗಳು ಸಾಲಾಗಿ ನಿಂತಿದ್ದವು, ಆದರೆ ಅವುಗಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಎಡಮೂಲೆಯ ಗಳು ಹಿಡಿಯುವ ಕೆಲಸ ನನಗೆ ಬಂತು. ಅಂಗೈಯ ಹೊಸ ಚರ್ಮ ಇನ್ನೂ ತೆಳ್ಳಗಿತ್ತು. ಅಂಜಲೈ ಸೀರೆಯನ್ನು ಕಚ್ಚೆ ಕಟ್ಟಿ ಹತ್ತಿದಳು. ಅವಳ ಪ್ರತಿ ಹೆಜ್ಜೆಯ ನಡುಕ ಗಳುವಿನೊಳಗಿಂದ ನನ್ನ ತೋಳಿಗೆ ಇಳಿಯುತ್ತಿತ್ತು. ನಾನು ಮೇಲೆ ನೋಡಲಿಲ್ಲ. ಎದುರು ಬದಿಯ ಏಳುಮಲೈಯನ್ನೇ ನೋಡುತ್ತಿದ್ದೆ. ಬಿಳಿ ಕಟ್ಟಿನ ಕೈ ಎದೆಗೆ, ಎಡಗೈಯಲ್ಲಿ ಟವೆಲು. ಅವನು ಎಡಕ್ಕೆ ಬೀಸಿದಾಗ ನಾನು ಗಳುವನ್ನು ಎದೆಗೆ ಅಪ್ಪಿ ಹಿಡಿದೆ. ಮೇಲಿನ ಹಲಗೆ ಕಿರುಗುಟ್ಟಿತು. ಗಳು ನಿಂತಿತ್ತು. ನಾನು ಉಸಿರು ಬಿಟ್ಟೆ.

ಸಾಲಿನ ಕೊನೆಯಿಂದ ಶುರುವಾಗಿ ಒಬ್ಬೊಬ್ಬರದೇ ಕಣ್ಣು ತೆರೆಯಿತು. ಟೀ ಅಂಗಡಿಯ ಮುಂದೆ ಸೇರಿದ ಜನ ಪ್ರತಿ ಸಲವೂ ಹೆಸರು ಕೂಗಿ ಶಿಳ್ಳೆ ಹಾಕುತ್ತಿದ್ದರು. ನಾಯಕ ಮೊದಲ ಸಲ ತೆರೆಗೆ ಬಂದಾಗ ಥಿಯೇಟರಿನಲ್ಲಿ ಹಾಕುತ್ತಾರಲ್ಲ, ಹಾಗೆ. ಕಸ್ತೂರಿಯ ಸರದಿ ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದಳು.

“ಅಯ್ಯೋ! ನಾನು ಇಷ್ಟು ಸಿಟ್ಟಿನವಳಾ?”

“ಅದು ಬೆಳಗಿನ ಮುಖ ಅಕ್ಕಾ,” ಎಂದ ಡ್ರೈವರ್. “ನಾವು ದಿನಾ ನೋಡೋದು ಅದೇ.”

ಕೊನೆಗೆ ಮುಂದಿನವಳು, ಸಿನಿಮಾದವಳು. ಏಳುಮಲೈ ಇಲ್ಲಿ ಟವೆಲನ್ನು ಬಹಳ ಹೊತ್ತು ಬೀಸಿದ. ಎಡ ಹುಬ್ಬು ಬರೆಯುವಾಗ ಅವಳನ್ನು ತಡೆದು, ದೊಡ್ಡ ದನಿಯಲ್ಲಿ ಕೂಗಿದ, “ನಡುವೆ ಒಂದು ಬೆರಳಗಲ ಬಿಡು! ಅಲ್ಲಿ ಬಣ್ಣ ಬೇಡ! ಬಿಟ್ಟು ಮುಂದೆ ಹೋಗು!” ಅವಳು ಯಾಕೆಂದು ಕೇಳಲಿಲ್ಲ. ಒಂದು ಬೆರಳು ಬಿಟ್ಟಳು. ಅವನು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡ.

ಟೀ ಅಂಗಡಿಯ ಮುಂದೆ ಈ ಸಲ ಶಿಳ್ಳೆ ಬರಲಿಲ್ಲ. ಎಲ್ಲರೂ ಗೋಡೆಯನ್ನು ನೋಡುತ್ತಿದ್ದರು, ಆಮೇಲೆ ಇಳಿಯುತ್ತಿದ್ದ ಅಂಜಲೈಯನ್ನು, ಮತ್ತೆ ಗೋಡೆಯನ್ನು. ಅವಳು ನೆಲ ಮುಟ್ಟಿದ ಮೇಲೆ ನಾನು ಗಳು ಬಿಟ್ಟೆ. ಅವಳು ಕೈ ಒರೆಸಿಕೊಳ್ಳುತ್ತಾ ಬೀದಿ ದಾಟಿ, ಟೀ ಅಂಗಡಿಯ ಮುಂದಿನ ತನ್ನ ಹಳೆಯ ಜಾಗಕ್ಕೆ ಹೋಗಿ ನಿಂತು, ತಿರುಗಿದಳು.

ಗೋಡೆಯ ತುಂಬ ನೀರಿನ ಸಾಲು, ಎಲ್ಲರ ಕಣ್ಣೂ ಬೀದಿಯ ಮೇಲೆ. ಎಲ್ಲರಿಗಿಂತ ಮುಂದೆ, ಗುಲಾಬಿ ಕೆನ್ನೆ, ನೀಲಿ ನೆರಳು, ನಡುವೆ ಸೀಳಿದ ಎಡ ಹುಬ್ಬು. ಅಂಜಲೈಯ ಬೆರಳು ತಾನಾಗಿ ತನ್ನ ಹುಬ್ಬಿಗೆ ಹೋಯಿತು. ಬಹಳ ಹೊತ್ತು ಅಲ್ಲೇ ಇತ್ತು.

“ಮೂಗು ಇಷ್ಟು ದಪ್ಪನಾ ನಂದು?” ಎಂದಳು ಕೊನೆಗೆ, ಗಂಡನ ಕಡೆ ನೋಡದೆ.

ಬೀದಿಯೇ ನಕ್ಕಿತು. ಶಿಳ್ಳೆ, ಚಪ್ಪಾಳೆ, ಯಾರೋ ತಟ್ಟೆ ಬಡಿದರು. ಹಿಂದಿನಿಂದ ಪದ್ಮಕ್ಕನ ದನಿ ಕೇಳಿ ತಿರುಗಿದೆ. ಯಾವಾಗ ಬಂದಿದ್ದರೋ, ನನ್ನ ಹಸಿರು ಕೊಡ ಹಿಡಿದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಎನ್ನಮ್ಮಾ ಇದು, ಇಷ್ಟು ಅಳಗಾಗಿ ಬರೆದಿದ್ದಾರೆ! ಇಷ್ಟು ಚೆನ್ನಾಗಿದೆ ಅಂತ ನೀನು ಹೇಳಲೇ ಇಲ್ಲ.”

ಡ್ರೈವರ್ ಹೋಗಿ ಹಾರನ್ ಒತ್ತಿದ. ಎಲ್ಲರೂ ಕೊಡಗಳ ಕಡೆ ಓಡಿದರು. ಕಸ್ತೂರಿ ಮೊದಲು ತಲುಪಿದಳು. ಆದರೆ ನೀಲಿ ಕೊಡವನ್ನು ಎತ್ತಲಿಲ್ಲ. ಸಾಲಿನ ಉದ್ದಕ್ಕೂ ನಡೆದು, ಕೊನೆಯಲ್ಲಿದ್ದ ಸೊಟ್ಟ ಹಳದಿ ಕೊಡವನ್ನು ಎತ್ತಿಕೊಂಡು ಬಂದು ತನ್ನ ಕೊಡದ ಮುಂದೆ ಇಟ್ಟಳು.

“ನಿಂತೇ ಇದ್ದೀಯಲ್ಲ, ಬಾರೇ ಅಂಜಲೈ,” ಎಂದು ಬೀದಿಯಾಚೆಗೆ ಕೂಗಿದಳು. “ಗೋಡೆ ಮೇಲೆ ಹೇಗಿದೆಯೋ ಇಲ್ಲೂ ಹಾಗೇ ಇರಲಿ.”